ನೀವು ಯಾವ ಚರ್ಚಿನವರು?

ಚರ್ಚಿನ ಪರಿಹಾರ ಸಂಸ್ಥೆಯೊಂದರ ಕೆಲಸಕ್ಕೆ ದಕ್ಷಿಣ ಸುಡಾನಿನ ಜುಬಾಕ್ಕೆ ಹೋದ ಮೊದಲ ವಾರ ನನಗೆ ಎಲ್ಲರೂ ಕೇಳಿದ್ದು ಒಂದೇ ಮಾತು: 'ನೀವು ಯಾವ ಚರ್ಚಿನವರು?' ನಾನು ಧಾರವಾಡ ಕಡೆಯ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಮನೆತನದವನು. ಖುಷಿಯಿಂದಲೇ ಹೇಳುತ್ತಿದ್ದೆ. ಅದು ದೇವರ ಬಗ್ಗೆ ಕೇಳಿದ ಪ್ರಶ್ನೆ ಅಲ್ಲ ಅಂತ ತಿಳಿಯೋಕೆ ತಿಂಗಳು ಹಿಡಿಯಿತು.

ಅದು 2014. ಅದಕ್ಕೂ ಮೊದಲಿನ ಡಿಸೆಂಬರ್ 15ರ ರಾತ್ರಿ ಜುಬಾದಲ್ಲಿ ಅಧ್ಯಕ್ಷರ ಕಾವಲು ಪಡೆಯವರೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಅಧ್ಯಕ್ಷ ಸಾಲ್ವಾ ಕೀರ್ ಡಿಂಕಾ ಜನಾಂಗದವರು. ಅವರ ಎದುರಾಳಿ ರಿಯೆಕ್ ಮಚಾರ್ ನುಯೆರ್ ಜನಾಂಗದವರು. ಕೆಲವೇ ದಿನಗಳಲ್ಲಿ ಜಗಳ ಬೀದಿಗೆ ಬಂತು. ಜುಬಾದ ನುಯೆರ್ ಜನ ಜೀವ ಉಳಿಸಿಕೊಳ್ಳಲು ವಿಶ್ವಸಂಸ್ಥೆಯ ಶಿಬಿರದೊಳಗೆ ಓಡಿದರು. ಬೋರ್ ಪಟ್ಟಣದ ಡಿಂಕಾ ಜನ ದೋಣಿ ಹತ್ತಿ ಬಿಳಿ ನೈಲ್ ದಾಟಿ ಮಿಂಗ್ಕಮನ್ ದಂಡೆಗೆ ಬಂದು ಬಿದ್ದರು.

ಎರಡೂ ಕಡೆಯವರಲ್ಲಿ ಬಹಳಷ್ಟು ಜನ ಕ್ರೈಸ್ತರೇ. ಹಾಗಿದ್ದ ಮೇಲೆ ಚರ್ಚಿನ ಪರಿಹಾರ ಸಂಸ್ಥೆಗೆ ಕೆಲಸ ಸುಲಭ ಅಂದುಕೊಂಡಿದ್ದೆ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬ್ರಿಟಿಷರು ಆ ಸೀಮೆಯನ್ನು ಮಿಷನ್‌ಗಳಿಗೆ ಭಾಗ ಮಾಡಿ ಹಂಚಿಕೊಟ್ಟಿದ್ದರು. ಬೋರ್ ಕಡೆ ಆಂಗ್ಲಿಕನ್ನರು, ನುಯೆರ್ ಸೀಮೆಗೆ ಅಮೆರಿಕದ ಪ್ರೆಸ್ಬಿಟೇರಿಯನ್ನರು, ಪಶ್ಚಿಮಕ್ಕೆ ಕ್ಯಾಥೊಲಿಕರು. ಹಾಗಾಗಿ ಚರ್ಚಿನ ಹೆಸರು ಹೇಳಿದರೆ ಮುಕ್ಕಾಲು ಪಾಲು ಜನಾಂಗದ ಹೆಸರು ಹೇಳಿದಂತೆಯೇ. ನಮ್ಮ ಜಾಕೆಟ್ ಮೇಲಿನ ಶಿಲುಬೆ ನೋಡಿ ಜನ ಮೊದಲು ಹಾಕುತ್ತಿದ್ದ ಲೆಕ್ಕ ಇದೇ.

ನನ್ನದು ಜೋಳ ಹಂಚುವ ಕೆಲಸ. ಜೋಳ, ಬೇಳೆ, ಎಣ್ಣೆ. ಕಷ್ಟ ಲಾರಿಯದು. ಡಿಂಕಾ ಡ್ರೈವರ್ ನುಯೆರ್ ಶಿಬಿರದ ಒಳಗೆ ಹೋಗುವಂತಿಲ್ಲ. ನುಯೆರ್ ಡ್ರೈವರ್ ಶಿಬಿರ ಬಿಟ್ಟು ಹೊರಗೆ ಬರುವಂತಿಲ್ಲ. ಕೊನೆಗೆ ಎರಡೂ ಜನಾಂಗಕ್ಕೆ ಸೇರದ, ದಕ್ಷಿಣದ ಈಕ್ವಟೋರಿಯಾ ಕಡೆಯ ಹುಡುಗರನ್ನು ಹಾಕಿಕೊಂಡೆವು. ಮೇ ತಿಂಗಳಲ್ಲಿ ಮಳೆ ಹಿಡಿದರೆ ಅವರ ಕೈಯಲ್ಲೂ ಏನೂ ಆಗುತ್ತಿರಲಿಲ್ಲ. ಅಲ್ಲಿಯದು ನಮ್ಮ ನವಲಗುಂದದ ಎರೆ ಮಣ್ಣಿನಂಥದ್ದೇ. ಒಂದು ಮಳೆಗೆ ಚಕ್ರ ಅರ್ಧ ಹೂತು ಹೋಗುತ್ತದೆ. ಎರೆ ಹೊಲದಲ್ಲಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಬಿಡಿ.

ನಾನು ಮಾಡಿದ ದೊಡ್ಡ ತಪ್ಪು ಮಿಂಗ್ಕಮನ್‌ನಲ್ಲಿ ಆಯಿತು. ಬಡವರು ಯಾರು ಅನ್ನೋದು ಪಾದ್ರಿಗಳಿಗೆ ಗೊತ್ತಿರುತ್ತದೆ ಅಂತ ಪಟ್ಟಿ ಬರೆಯುವ ಕೆಲಸವನ್ನು ಅವರಿಗೇ ಬಿಟ್ಟೆ. ಊರಲ್ಲಾದರೆ ಹಾಗೇ ಮಾಡುತ್ತಿದ್ದೆವು, ಅಲ್ವಾ? ಪಟ್ಟಿ ಚಂದವಾಗಿ ಬಂತು. ಹಂಚುವ ದಿನ ಸಾಲಿಗೆ ಕಟ್ಟಿದ ಹಗ್ಗದ ಆಚೆ ಒಂದು ಗುಂಪು ಸುಮ್ನೆ ನಿಂತಿತ್ತು. ಅವರು ಆ ದಂಡೆಯ ಮೂಲ ನಿವಾಸಿಗಳು. ಅವರೂ ಡಿಂಕಾಗಳೇ, ಆದರೆ ಬೇರೆ ಪಂಗಡ. ಓಡಿ ಬಂದವರಿಗೆ ಜಾಗ, ಸೌದೆ, ನೀರು ಕೊಟ್ಟು ತಾವೇ ಬರಿದಾಗಿದ್ದರು. ಪಾದ್ರಿ ಮೋಸ ಮಾಡಿರಲಿಲ್ಲ. ತನ್ನ ಸಭೆಯವರನ್ನು ಬರೆದಿದ್ದರು, ಅಷ್ಟೇ. ತಪ್ಪು ನನ್ನದು.

ಆಮೇಲೆ ಪಟ್ಟಿಯನ್ನು ಮರದ ಕೆಳಗೆ ಎಲ್ಲರೆದುರು ಗಟ್ಟಿಯಾಗಿ ಓದಿಸತೊಡಗಿದೆ. ಒಂದೊಂದು ಹೆಸರಿಗೂ ಜಗಳ. ಎರಡು ದಿನ ಜಾಸ್ತಿ ಹಿಡಿಯುತ್ತಿತ್ತು. ಮೇಲಿನವರು ತಡ ಯಾಕೆ ಅಂತ ಕೇಳುತ್ತಿದ್ದರು. ಆದರೂ ಮರದ ಕೆಳಗಿನ ಜಗಳ ಹಗ್ಗದ ಹತ್ತಿರದ ಜಗಳಕ್ಕಿಂತ ಎಷ್ಟೋ ವಾಸಿ. ಜೋಳ ಹಂಚುವ ಜಾಗದಲ್ಲಿ ಪ್ರಾರ್ಥನೆಯನ್ನೂ ನಿಲ್ಲಿಸಿದೆ. ನೆರವಿನ ಜೊತೆ ಧರ್ಮ ಬೆರೆಸಬಾರದು ಅಂತ ರೆಡ್‌ಕ್ರಾಸ್ ಮತ್ತು ನೆರವು ಸಂಸ್ಥೆಗಳ 1994ರ ನಡತೆ ಸಂಹಿತೆಯಲ್ಲೇ ಇದೆ. ಓದಿದ್ದೆ, ಸಹಿಯನ್ನೂ ಹಾಕಿದ್ದೆ. ಒಂದು ಪ್ರಾರ್ಥನೆ ಯಾವ ಭಾಷೆಯಲ್ಲಿ ಶುರುವಾಯಿತು ಅನ್ನೋದರ ಮೇಲೆ ಸಾಲು ಎರಡಾದದ್ದನ್ನು ನೋಡಿದ ಮೇಲೆ ಅದರ ಅರ್ಥವಾಯಿತು.

50 ಕೆಜಿ ಮೂಟೆಯನ್ನು ಗುಂಪಿಗೆ ಕೊಟ್ಟರೆ ಹೆಂಗಸರೇ ಅಳೆದು ಹಂಚಿಕೊಳ್ಳುತ್ತಿದ್ದರು. ಅಲ್ಲಿ ಅಳತೆಗೆ ಮಲ್ವಾ ಅನ್ನೋ ಡಬ್ಬಿ. ಸುಮಾರು ಮೂರೂವರೆ ಕೆಜಿ ಹಿಡಿಯುತ್ತದೆ. ಒಂದು ದಿನ ನಾನೇ ಅಳೆಯೋಕೆ ಕೂತು ಮೊದಲ ಡಬ್ಬಿಗೆ ಅಜ್ಜನ ಹಾಗೆ 'ಲಾಭ' ಅಂದುಬಿಟ್ಟೆ. ಒಂದು ಅನ್ನೋದರ ಬದಲು ಹಾಗೆ ಎಣಿಸುವುದನ್ನು ವಿವರಿಸುವಷ್ಟರಲ್ಲಿ ಅನುವಾದಕ ಸುಸ್ತಾದ.

ಇನ್ನೊಂದು ವಿಷಯ ಯಾವ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಜೋಳ ಕೊಟ್ಟೆವು ಸರಿ, ಬೀಸೋದು ಎಲ್ಲಿ? ಹೆಂಗಸರು ಗಿರಣಿಗೆ ದುಡ್ಡು ಕೊಡಲು ಅದೇ ಜೋಳದಲ್ಲಿ ಒಂದಿಷ್ಟು ಮಾರುತ್ತಿದ್ದರು. ನಮ್ಮ ಕಚೇರಿಯಲ್ಲಿ ಕೆಲವರು 'ನೆರವಿನ ಜೋಳ ಸಂತೆಯಲ್ಲಿ ಸಿಗ್ತಿದೆ, ಇವರಿಗೆ ಹಸಿವಿಲ್ಲ' ಅಂದರು. ನನಗೆ ಸಿಟ್ಟು ಬಂತು. ಗಿರಣಿ ಚೀಟಿ ಕೊಡೋಣ ಅಂತ ನಾಲ್ಕು ತಿಂಗಳು ಗಂಟು ಬಿದ್ದೆ. ಚೀಟಿ ಬಂದ ಮೇಲೆ ಸಂತೆಯಲ್ಲಿ ಆ ಜೋಳ ಕಡಿಮೆಯಾಯಿತು.

ಜುಬಾ ಶಿಬಿರದಲ್ಲಿ ಒಬ್ಬ ನುಯೆರ್ ಹಿರಿಯರಿದ್ದರು. ಹಣೆಯ ಮೇಲೆ ಆರು ಗೆರೆಗಳ ಗಾಯದ ಗುರುತು. ಹೊರಡುವ ಮುಂಚೆ ಅವರೂ ಅದೇ ಪ್ರಶ್ನೆ ಕೇಳಿದರು. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಎಲ್ಲ 1947ರಲ್ಲಿ ಕೂಡಿ ಆದ ಚರ್ಚು ನಮ್ಮದು ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ತುಂಬ ಹೊತ್ತು ಯೋಚಿಸಿದರು.

'ಒಳ್ಳೇದು. ಹಾಗಾದರೆ ನಿಮ್ಮಲ್ಲಿ ಹೆಣ್ಣು ಕೊಡುವಾಗ ಏನೂ ಕೇಳೋದಿಲ್ಲವಾ?'

ಅನುವಾದಕ ನನ್ನ ಮುಖ ನೋಡುತ್ತ ಕಾಯುತ್ತಿದ್ದ. ಲಾರಿ ಬಂದಿದೆ, ಮೂಟೆ ಎಣಿಸಬೇಕು ಅಂತ ಹೇಳಿ ಎದ್ದೆ.