ಹರಿಕೇನ್ ಇಂಜಿನ್ನಿನ ಆಯಿಲ್ ಪ್ರೆಷರ್: ಬೋರ್ಡೋ ಸ್ಪ್ರೇಯರ್‌ನಿಂದ ಸೋರಿಕೆ ಹಿಡಿದೆ

ಇಂಜಿನ್ ಬಿಸಿಯಾಯಿತೆಂದರೆ ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಆಯಿಲ್ ಪ್ರೆಷರ್ ಗೇಜಿನ ಮುಳ್ಳು 3 ಪೌಂಡಿಗೆ (ಚದರ ಇಂಚಿಗೆ) ಇಳಿಯುತ್ತಿತ್ತು, ಒಮ್ಮೊಮ್ಮೆ ಸೊನ್ನೆಗೇ ತಾಗುತ್ತಿತ್ತು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಪಿಸ್ಟನ್, ಹೊಸ ಬೇರಿಂಗ್ ಎಲ್ಲ ಸೇರಿ 90 ಸಾವಿರ ನುಂಗಿದ ಇಂಜಿನ್ ಅದು. ಓಡಿದ್ದು 400 ಕಿಲೋಮೀಟರ್ ಕೂಡ ಇಲ್ಲ.

ಗಾಡಿ ನಮ್ಮಜ್ಜ ತೋಟಕ್ಕೆಂದು ತಂದ ಮಹೀಂದ್ರ ಸಿಜೆ 3ಬಿ ಜೀಪು, 64ನೇ ಮಾಡೆಲ್, ಹರಿಕೇನ್ ಎಂಬ ಪೆಟ್ರೋಲ್ ಇಂಜಿನ್. ಸಕಲೇಶಪುರ, ಮೂಡಿಗೆರೆ ಕಡೆ ಒಂದು ಕಾಲದಲ್ಲಿ ತೋಟಕ್ಕೊಂದು ಇಂಥ ಜೀಪಿತ್ತು. ಆಮೇಲೆ ಮುಕ್ಕಾಲು ಪಾಲು ಮಂದಿ ಮಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ನನಗೂ ಎಲ್ಲರೂ ಹೇಳಿದ್ದು ಅದನ್ನೇ: ‘ಈ ಇಂಜಿನ್ನಿನ ಹಣೆಬರಹ ಇಷ್ಟೇ, ಡೀಸೆಲ್ ಹಾಕಿಸಿ, ನೆಮ್ಮದಿಯಾಗಿರಿ.’ ಅಜ್ಜ ಓಡಿಸಿದ ಇಂಜಿನ್ನನ್ನು ಗುಜರಿಗೆ ಹಾಕಲು ನನಗೆ ಮನಸ್ಸಿರಲಿಲ್ಲ.

ಗೇಜ್ ಸುಳ್ಳು ಹೇಳುತ್ತಿದೆಯೇ ಎಂದು ಮೊದಲು ನೋಡಿದೆ. 1,200 ರೂಪಾಯಿಯ ಮೆಕ್ಯಾನಿಕಲ್ ಗೇಜ್ ನೇರ ಬ್ಲಾಕಿಗೇ ಕೂರಿಸಿದೆ. ತಣ್ಣಗಿದ್ದಾಗ 45, ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದಾಗ 3. ಐಡ್ಲಿಂಗ್‌ನಲ್ಲಿ ಕನಿಷ್ಠ 6 ಇರಬೇಕು ಎನ್ನುತ್ತದೆ ಮ್ಯಾನ್ಯುಯಲ್. ಓಡುವಾಗ 35ರ ಆಸುಪಾಸು ಇರಬೇಕಾದ ಕಡೆ ನನಗೆ ಸಿಗುತ್ತಿದ್ದದ್ದು 18-20.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಒತ್ತಡ ಮಿತಿ ಮೀರಿದರೆ ತೆರೆದು ಎಣ್ಣೆ ಬಿಡುವ ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ಒಂದಾದ ಮೇಲೊಂದು ಶಿಮ್ (ತೆಳು ಬಿಲ್ಲೆ) ಹಾಕುತ್ತಾ ಹೋದೆ, ಒಟ್ಟು ನಾಲ್ಕು. ತಣ್ಣಗಿದ್ದಾಗ 70 ಮುಟ್ಟಿತು, ಬಿಸಿಯಲ್ಲಿ ಅದೇ 3. ಬಿಸಿ ಐಡ್ಲಿಂಗ್‌ನಲ್ಲಿ ಆ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ, ಮುಚ್ಚಿದ ಬಾಗಿಲಿಗೆ ಇನ್ನೊಂದು ಬೀಗ ಜಡಿದು ಏನು ಬಂತು? ನಾಲ್ಕನ್ನೂ ತೆಗೆದೆ. 20ಡಬ್ಲ್ಯೂ-40 ಎಣ್ಣೆ ಬದಲು ಅದಕ್ಕಿಂತ ಮಂದದ 20ಡಬ್ಲ್ಯೂ-50 ಹಾಕಿದೆ, ಒಂದೋ ಒಂದೂವರೆಯೋ ಪೌಂಡ್ ಏರಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಆಯಿಲ್ ಪಂಪ್ ತಂದೆ, ನಾಲ್ಕೂವರೆ ಸಾವಿರವೋ ಏನೋ. ಅದರ ರೋಟರ್ ಮತ್ತು ಕವರ್ ನಡುವಿನ ಸಂದು ನನ್ನ ಹಳೆಯ ಪಂಪಿಗಿಂತ ಜಾಸ್ತಿ! ಹಳೆಯದರ ಕವರನ್ನೇ ಗಾಜಿನ ಮೇಲೆ ಎಮರಿ ಹಾಳೆ ಇಟ್ಟು ಉಜ್ಜಿ ಸಮ ಮಾಡಿ ವಾಪಸ್ ಹಾಕಿದೆ. ಹೊಸದು ಇನ್ನೂ ಡಬ್ಬಿಯಲ್ಲೇ ಇದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಈ ಪಂಪಿನ ಶಾಫ್ಟೇ. ಪಂಪ್ ಬಿಚ್ಚುವ ಮೊದಲು ಡಿಸ್ಟ್ರಿಬ್ಯೂಟರ್ ರೋಟರ್ ಎಲ್ಲಿ ನಿಂತಿದೆ ಎಂದು ಗುರುತು ಮಾಡಿಕೊಳ್ಳದೆ ಒಂದು ಭಾನುವಾರ ಪೂರ್ತಿ ಟೈಮಿಂಗ್ ಹುಡುಕುವುದರಲ್ಲೇ ಕಳೆಯಿತು.

ಸಂಪ್ (ಇಂಜಿನ್ ಅಡಿಯ ಎಣ್ಣೆ ತೊಟ್ಟಿ) ಇಳಿಸಿ, ಬೇರಿಂಗಿನ ಸಂದು ಅಳೆಯುವ ಪ್ಲಾಸ್ಟಿಗೇಜ್ ಹಾಕಿದೆ. ಕ್ರ್ಯಾಂಕಿನ ಮೂರೂ ಮೇನ್ ಬೇರಿಂಗ್ 2 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ) ಒಳಗೆ, ಕನೆಕ್ಟಿಂಗ್ ರಾಡಿನವು ಅದಕ್ಕಿಂತ ಬಿಗಿ. ಇಂಜಿನ್ ಕಟ್ಟಿದ ಮೆಷಿನ್ ಶಾಪಿನವರು ‘ನಮ್ಮ ಕೆಲಸ ಸರಿಯಿದೆ, ಹಳೇ ಇಂಜಿನ್ ಅಂದ್ರೆ ಹೀಗೇ’ ಎಂದು ಕೈ ತೊಳೆದುಕೊಂಡರು. ಅವರು ಮಾಡಿದ ಕೆಲಸ ಸರಿಯಾಗಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಅಳೆಯದೆ ಬಿಟ್ಟಿದ್ದೇ ತೊಂದರೆ.

ಪ್ರೆಷರ್ ಇಲ್ಲ ಎಂದರೆ ಎಣ್ಣೆ ಎಲ್ಲೋ ಸಲೀಸಾಗಿ ಜಾರಿಹೋಗುತ್ತಿದೆ. ಇಂಜಿನ್ ಓಡುವಾಗ ಅದು ಕಾಣುವುದಿಲ್ಲ. ನಿಂತ ಇಂಜಿನ್ನಿಗೆ ಹೊರಗಿನಿಂದ ಒತ್ತಡದಲ್ಲಿ ಎಣ್ಣೆ ಕೊಟ್ಟು, ಸಂಪ್ ತೆಗೆದು, ಎಲ್ಲಿಂದ ಎಷ್ಟು ಹನಿ ಬೀಳುತ್ತದೆ ಎಂದು ಎಣಿಸುವುದು ಹಳೆಯ ಗ್ಯಾರೇಜುಗಳ ವಿದ್ಯೆ. 25 ಪೌಂಡ್ ಒತ್ತಡದಲ್ಲಿ ಒಳ್ಳೆಯ ಬೇರಿಂಗಿನಿಂದ ನಿಮಿಷಕ್ಕೆ 20ರಿಂದ 150 ಹನಿ ಎಂಬುದು ಆ ಕಾಲದ ಲೆಕ್ಕ. ಹಾಸನದಲ್ಲಿ ಇಬ್ಬರು ಮೆಕ್ಯಾನಿಕ್‌ಗಳಿಗೆ ಇದನ್ನು ಹೇಳಿದಾಗ ನಕ್ಕರು. ಒಬ್ಬರಂತೂ ‘ಅಡಿಕೆಗೆ ಔಷಧಿ ಹೊಡೆಯೋ ಡಬ್ಬದಲ್ಲಿ ಇಂಜಿನ್ ರಿಪೇರಿನಾ?’ ಎಂದರು.

ಹೌದು, ಅದರಲ್ಲೇ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹಳೇ ಹಿತ್ತಾಳೆ ಸ್ಪ್ರೇಯರ್ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಇದನ್ನು ಮಾಡಹೊರಟವರು ಒಂದು ವಿಷಯ ನೆನಪಿಡಬೇಕು: ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ಆ ಸುಣ್ಣದ ಹರಳು ಒಂದು ಹೊಸ ಬೇರಿಂಗಿಗೆ ಹೋದರೂ 90 ಸಾವಿರ ಮಣ್ಣುಪಾಲು. ಡಬ್ಬವನ್ನು ಡೀಸೆಲ್‌ನಲ್ಲಿ ಮೂರು ಸಲ ತೊಳೆದೆ, ಹೊಸ ಹೋಸ್ ಹಾಕಿದೆ, ದಾರಿಯಲ್ಲಿ ಒಂದು ಪೆಟ್ರೋಲ್ ಫಿಲ್ಟರ್ ಸೇರಿಸಿದೆ. ಗೇಜಿನ ಪೈಪ್ ಬರುವ ತೂತಿಗೆ ಅಡಾಪ್ಟರ್ ಮಾಡಿಸಿದೆ. ಎಲ್ಲ ಸೇರಿ 800 ರೂಪಾಯಿ ದಾಟಿರಲಿಕ್ಕಿಲ್ಲ.

ಮೊದಲ ದಿನ ಸ್ಪ್ರೇಯರಿನ ರಬ್ಬರ್ ವಾಷರ್ ಎಣ್ಣೆಗೆ ಉಬ್ಬಿ ಕಿತ್ತುಕೊಂಡು ಬಂತು, ಗೋಡೆ ತುಂಬ ಎಣ್ಣೆ. ನೈಟ್ರೈಲ್ ವಾಷರ್ ಹಾಕಿದ ಮೇಲೆ ನಿಂತಿತು. ಎರಡನೇ ದಿನ ಪಂಪಿನ ಬಾಯಿಯಿಂದಲೇ ಎಣ್ಣೆ ಧಾರೆಯಾಗಿ ವಾಪಸ್ ಬಂದು, ಪಂಪಿನದೇ ತಪ್ಪು ಎಂದು ಅರ್ಧ ದಿನ ನಂಬಿದ್ದೆ. ಒತ್ತಡ ಹಿಂದಿನಿಂದ ಬಂದಾಗ ನಿಂತ ಪಂಪ್ ಎಣ್ಣೆಯನ್ನು ತಡೆಯುವುದಿಲ್ಲ. ಬಿಸ್ಕತ್ ಡಬ್ಬದ ತಗಡನ್ನು ಶಾಫ್ಟಿಗೆ ಮಾತ್ರ ತೂತು ಬಿಟ್ಟು ಕತ್ತರಿಸಿ ಪಂಪ್ ಮತ್ತು ಬ್ಲಾಕ್ ನಡುವೆ ಕೂರಿಸಿದೆ. ಮೂರನೇ ಸಲ ಒಂದು ರಾಡ್ ಬೇರಿಂಗ್ ಒಣಗಿದಂತೆ ಕಂಡು, ದಾರಿ ಕಟ್ಟಿಕೊಂಡಿದೆ ಎಂದು ಸುಮ್ಮನೆ ಬಿಚ್ಚಿದೆ. ಕ್ರ್ಯಾಂಕಿನ ತೂತು ಬೇರಿಂಗಿನ ತೂತಿಗೆ ಎದುರಾಗದಿದ್ದರೆ ಅಲ್ಲಿ ಹನಿ ಬರುವುದಿಲ್ಲ. ಜೀಪಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ಇರುವುದು ಇಲ್ಲಿ ವರವಾಯಿತು. ಒಬ್ಬರು ಗೇಣುಗೇಣು ತಿರುಗಿಸುತ್ತಾ ಹೋಗಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಬೇಕು.

ತಣ್ಣನೆಯ ಎಣ್ಣೆಯಲ್ಲಿ ಎಲ್ಲವೂ ಚಂದವೇ ಕಂಡಿತು. ತೊಂದರೆ ಇರುವುದು ಬಿಸಿಯಲ್ಲಿ ತಾನೇ? ಎಣ್ಣೆಯ ಕ್ಯಾನನ್ನು ಬಚ್ಚಲ ಹಂಡೆಯ ಕುದಿಯುವ ನೀರಿನಲ್ಲಿ ಒಂದು ಗಂಟೆ ಇಳಿಬಿಟ್ಟೆ. ಕೈಗೆ ಸುಡುವಷ್ಟಾಯಿತು, 80 ಡಿಗ್ರಿ ಇದ್ದಿರಬೇಕು. ಅದನ್ನು ಸ್ಪ್ರೇಯರಿಗೆ ಸುರಿದು, ಗ್ಲೌಸ್ ಕನ್ನಡಕ ಹಾಕಿಕೊಂಡು, 25 ಪೌಂಡ್ ಹೊಡೆದೆ. ಬಿಸಿ ಎಣ್ಣೆಗೆ ಹಳೆಯ ಹನಿಲೆಕ್ಕ ಹೊಂದುವುದಿಲ್ಲ, ಒಂದು ಬೇರಿಂಗನ್ನು ಇನ್ನೊಂದರ ಜೊತೆ ಹೋಲಿಸಿ ನೋಡಬೇಕು. ಮೇನ್ ಮೂರೂ ಒಂದೇ ತರಹ ಹನಿಕುತ್ತಿದ್ದವು, ರಾಡ್‌ಗಳೂ ಅಷ್ಟೇ. ಆದರೆ ಪಕ್ಕದ ವಾಲ್ವ್ ಕವರ್ ತೆಗೆದು ಕನ್ನಡಿ ಹಿಡಿದಾಗ, ವಾಲ್ವುಗಳನ್ನು ಎತ್ತುವ ಕ್ಯಾಮ್ ಶಾಫ್ಟಿನ ಮೂರನೇ ಜರ್ನಲ್ (ಶಾಫ್ಟ್ ಆಧಾರದೊಳಗೆ ಕೂತು ತಿರುಗುವ ಭಾಗ) ಹತ್ತಿರ ಹನಿಯಲ್ಲ, ಪೆನ್ಸಿಲ್ ದಪ್ಪದ ಧಾರೆ! ಎರಡನೆಯದರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಹನ್ನೊಂದು ತಿಂಗಳಿಂದ ಹುಡುಕುತ್ತಿದ್ದದ್ದು ಅಲ್ಲಿತ್ತು. ನಕ್ಕಿದ್ದ ಮೆಕ್ಯಾನಿಕ್‌ಗಳಲ್ಲಿ ಒಬ್ಬರನ್ನು ಮರುದಿನವೇ ಕರೆಸಿ ತೋರಿಸಿದೆ. ಮಾತಾಡದೆ ಐದು ನಿಮಿಷ ನೋಡಿದರು.

ಈ ಇಂಜಿನ್ ಬಲ್ಲವರಿಗೆ ಕಾರಣ ಗೊತ್ತಾಗಿರುತ್ತದೆ. ಕ್ಯಾಮಿನ ನಾಲ್ಕು ಜಾಗಗಳಲ್ಲಿ ಮುಂದಿನದಕ್ಕೆ ಮಾತ್ರ ಬುಷ್ (ಬದಲಿಸಬಹುದಾದ ಲೋಹದ ಬಳೆ), ಉಳಿದ ಮೂರು ನೇರ ಬ್ಲಾಕಿನ ಕಬ್ಬಿಣದಲ್ಲೇ ತಿರುಗುತ್ತವೆ. ರಿಪೇರಿ ಕಿಟ್‌ನಲ್ಲಿ ಆ ಮೂರಕ್ಕೆ ಬುಷ್ ಬರುವುದಿಲ್ಲ, ಹಾಗಾಗಿ ಯಾರೂ ಅಳೆಯುವುದಿಲ್ಲ. ಇಂಜಿನ್ನನ್ನು ಹಲಸಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಇಳಿಸಿ, ತಲೆಕೆಳಗು ಮಾಡಿ ಕ್ಯಾಮ್ ಎಳೆದು ಅಳೆದರೆ, ಒಂದೂವರೆ-ಎರಡು ಥೌ ಇರಬೇಕಾದ ಕಡೆ ಮೂರನೆಯದು 7, ಎರಡನೆಯದು 5. ನಾಲ್ಕನೆಯದು 3ರ ಒಳಗಿತ್ತು, ಬಿಟ್ಟೆ.

ಬುಷ್ ಹಾಕಿಸಬೇಕು ಎಂದಾಗ ಮೂರು ಕಡೆ ‘ಆಗಲ್ಲ’ ಎಂದರು. ಜರ್ನಲ್‌ಗಳು ಮುಂದಿನಿಂದ ಹಿಂದಕ್ಕೆ ಚಿಕ್ಕದಾಗುತ್ತಾ ಹೋಗುತ್ತವೆ, ಲೈನ್ ಬೋರಿಂಗ್‌ಗೆ (ತೂತುಗಳನ್ನು ಒಂದೇ ಗೆರೆಯಲ್ಲಿ ಕೊರೆಯಲು) ಸೆಂಟರ್ ಹಿಡಿಯುವುದು ಕಷ್ಟ. ಕೊನೆಗೆ ಲೇತ್ ಇಟ್ಟುಕೊಂಡ ಹಿರಿಯರೊಬ್ಬರು ಒಪ್ಪಿದರು. ಬೋರಿಂಗ್ ಬಾರಿಗೆ ಆಧಾರವನ್ನು ನಾನೇ ಯೋಚಿಸಿ ಮಾಡಿಕೊಟ್ಟೆ. ಅದು ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಎರಡು ಬ್ಲಾಕ್ ಮಾಡಿ ನೋಡಬೇಕಿದೆ. ಕಂಚಿನ ಬುಷ್ ಎರಡು, ಬೋರಿಂಗ್ ಕೂಲಿ ಸೇರಿ 11 ಸಾವಿರ. ಮೊದಲು ಒತ್ತಿದ ಬುಷ್‌ನ ಎಣ್ಣೆ ತೂತು ಬ್ಲಾಕಿನ ತೂತಿಗೆ ಅರ್ಧವೇ ಕೂಡಿತ್ತು. ತಂತಿ ತೂರಿಸಿ ನೋಡಿದ್ದರಿಂದ ಸಿಕ್ಕಿಬಿತ್ತು, ಇನ್ನೊಂದು ಬುಷ್ ಮಾಡಿಸಬೇಕಾಯಿತು. ಗ್ಯಾಸ್ಕೆಟ್ ಸೆಟ್, ಎಣ್ಣೆ, ಬ್ಲಾಕಿನ ಓಡಾಟ ಎಂದು ಇನ್ನೊಂದು ಏಳೆಂಟು ಸಾವಿರ.

ಕಟ್ಟಿ ಓಡಿಸಿದಾಗ ಬಿಸಿ ಐಡ್ಲಿಂಗ್ 8. ಸಂತೋಷವಾಯಿತು, ಆದರೆ ಮುಳ್ಳು ನಡುಗುತ್ತಿತ್ತು. ಒತ್ತಡದ ಸೋರಿಕೆಯಲ್ಲಿ ಮುಳ್ಳು ಇಳಿಯುತ್ತದೆ, ನಡುಗುವುದಿಲ್ಲ. ನಡುಗಿದರೆ ಪಂಪ್ ಗಾಳಿ ಎಳೆಯುತ್ತಿದೆ ಎಂದೇ ನನ್ನ ಲೆಕ್ಕ. ಸ್ಪ್ರೇಯರ್ ಇದನ್ನು ತೋರಿಸಲಾರದು, ಅದು ಹಿಡಿಯುವುದು ಪಂಪಿನ ಆಚೆಗಿನ ಸೋರಿಕೆಯನ್ನು ಮಾತ್ರ. ಈ ಇಂಜಿನ್ನಿನಲ್ಲಿ ಎಣ್ಣೆ ಹೀರುವುದು ಸಂಪಿನಲ್ಲಿ ತೇಲುವ ಫ್ಲೋಟ್. ಅದರ ಬುಡ ಬ್ಲಾಕಿಗೆ ಎರಡು ಸ್ಕ್ರೂನಲ್ಲಿ ಕೂರುತ್ತದೆ, ನಡುವೆ ಒಂದು ಪುಟ್ಟ ಗ್ಯಾಸ್ಕೆಟ್. ನನ್ನದರ ಬುಡ ಸೊಟ್ಟಗಿತ್ತು. ಫೈಲ್ ಹಿಡಿದು ಸಮ ಮಾಡಿ ಹೊಸ ಗ್ಯಾಸ್ಕೆಟ್ ಕತ್ತರಿಸಿ ಹಾಕಿದೆ. ನಡುಕ ನಿಂತು ಮುಳ್ಳು 12ಕ್ಕೆ ಏರಿತು.

ನಡುವೆ, ಎಣ್ಣೆಯ ಒಂದು ಪಾಲನ್ನು ಮಾತ್ರ ಸೋಸುವ ಬೈಪಾಸ್ ಫಿಲ್ಟರಿನ ಪೈಪನ್ನು ಒಂದು ದಿನ ಮುಚ್ಚಿ ನೋಡಿದೆ, 2 ಪೌಂಡ್ ಕೂಡ ಏರಲಿಲ್ಲ. ಅದನ್ನು ಮುಚ್ಚಿಕೊಂಡು ಓಡಿಸುವವರು ಸುಮ್ಮನೆ ಕೊಳಕು ಎಣ್ಣೆ ಓಡಿಸುತ್ತಿದ್ದಾರೆ. ಅದೇ ಸ್ಪ್ರೇಯರನ್ನು ಇದೇ ತೊಂದರೆಯಿದ್ದ ಗೆಳೆಯರ ಅಂಬಾಸಿಡರ್‌ಗೂ ಕಟ್ಟಿದೆ. ಅಲ್ಲಿ ಎಲ್ಲ ಹನಿಯೂ ಹದವಾಗಿತ್ತು. ಕೊನೆಗೆ ರಿಲೀಫ್ ವಾಲ್ವಿನ ಸೀಟಿನಲ್ಲಿ ಲೋಹದ ಚೂರು ಸಿಕ್ಕಿಕೊಂಡಿದ್ದು ಗೊತ್ತಾಯಿತು, ಒಂದು ಪೈಸೆ ಖರ್ಚಿಲ್ಲದೆ ಸರಿಯಾಯಿತು. ಇಂಜಿನ್ ಬಿಚ್ಚಲು ಅವರು ಮುಂಗಡ ಕೊಟ್ಟಾಗಿತ್ತು, ವಾಪಸ್ ಪಡೆದರು.

ಈಗ 2,600 ಕಿಲೋಮೀಟರ್ ಓಡಿದೆ. ಏಪ್ರಿಲ್ ಬಿಸಿಲಲ್ಲಿ ಮೂವರನ್ನು ಕೂರಿಸಿಕೊಂಡು, ಟ್ರೇಲರಿನಲ್ಲಿ ಆರು ಮೂಟೆ ಗೊಬ್ಬರ ಎಳೆದುಕೊಂಡು ಉಜಿರೆಯಿಂದ ಚಾರ್ಮಾಡಿ ಹತ್ತಿಸಿ, ಕೊಟ್ಟಿಗೆಹಾರದಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ ಗೇಜ್ ನೋಡಿದೆ: ಐಡ್ಲಿಂಗ್ 11, ಓಡುವಾಗ 38. ಹಿಂದಿನ ಮೇನ್ ಸೀಲ್ ಇನ್ನೂ ರಾತ್ರಿಗೆ ನಾಲ್ಕೈದು ಹನಿ ಬಿಡುತ್ತದೆ. ಮಳೆಗಾಲದಲ್ಲಿ ಗಾಡಿ ಶೆಡ್ಡಿನಲ್ಲೇ ಇರುತ್ತದಲ್ಲ, ಆಗ ಅದನ್ನು ನೋಡುತ್ತೇನೆ.