ಆಕಾಶದಲ್ಲಿ ಡಿಕ್ಕಿ ತಪ್ಪಿಸುವ ಕಾನೂನು: ಅಮೆರಿಕದಲ್ಲಿರುವ ನಮ್ಮೂರಿನವರಿಗೆ

ದಾವಣಗೆರೆಯ ವಿದ್ಯಾನಗರದಲ್ಲಾಗಲಿ ಎಂಸಿಸಿ ಬ್ಲಾಕ್‌ನಲ್ಲಾಗಲಿ, ಮಕ್ಕಳು ಅಮೆರಿಕದಲ್ಲಿರುವ ಮನೆ ಹುಡುಕಲು ಬಹಳ ಅಲೆಯಬೇಕಿಲ್ಲ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದ ಪಕ್ಕ ಪ್ರಯಾಣಿಕರ ವಿಮಾನಕ್ಕೂ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೂ ಡಿಕ್ಕಿಯಾಗಿ 67 ಜನ ಸತ್ತರು. ಆಮೇಲೆ ಇಂಥ ಮನೆಗಳ ಹಿರಿಯರು ಕೇಳುತ್ತಿದ್ದುದು ಒಂದೇ ಮಾತು: ‘ಅಷ್ಟು ಮುಂದುವರಿದ ದೇಶದಾಗೂ ಹಿಂಗಾಗ್ತದಾ?’ ಆಗುತ್ತದೆ. ಆದ ಮೇಲೆ ಅಲ್ಲಿ ಕಾನೂನು ಹೇಗೆ ಹುಟ್ಟುತ್ತದೆ, ವೀಸಾ ಮೇಲಿರುವ ನೀವು ಅದರಲ್ಲಿ ಏನು ಮಾಡಬಹುದು ಎಂಬುದು ನಮ್ಮವರಿಗೆ ಗೊತ್ತಿರಲೇಬೇಕು.

ಮೊದಲು ಯಾರ ಕೈಯಲ್ಲಿ ಏನಿದೆ ನೋಡಿ. ನಿಯಮ ಮಾಡುವುದು, ವಾಯು ಸಂಚಾರ ನಿಯಂತ್ರಣ ನಡೆಸುವುದು ಎಫ್‌ಎಎ. ಅಪಘಾತದ ತನಿಖೆ ಎನ್‌ಟಿಎಸ್‌ಬಿಯದು. ನಮ್ಮಲ್ಲಿ ನಿಯಮ ನೋಡಿಕೊಳ್ಳುವ ಡಿಜಿಸಿಎ, ತನಿಖೆ ನಡೆಸುವ ಎಎಐಬಿ ಎರಡೂ ಒಂದೇ ಸಚಿವಾಲಯದಡಿ ಇವೆ. ಅಲ್ಲಿ ಎನ್‌ಟಿಎಸ್‌ಬಿ ಸಾರಿಗೆ ಇಲಾಖೆಯ ಅಧೀನವಲ್ಲ, ಹಾಗಾಗಿ ಎಫ್‌ಎಎ ತಪ್ಪಿದ್ದರೆ ಬಹಿರಂಗವಾಗಿಯೇ ಹೇಳುತ್ತದೆ. ಇದು ನಾವೂ ಕಲಿಯಬೇಕಾದ ಏರ್ಪಾಡು. ಆದರೆ ಎನ್‌ಟಿಎಸ್‌ಬಿ ಶಿಫಾರಸು ಮಾಡಬಹುದೇ ಹೊರತು ಆದೇಶ ಕೊಡುವಂತಿಲ್ಲ. ಶಿಫಾರಸು ವರ್ಷಗಟ್ಟಲೆ ಮೂಲೆಗೆ ಬಿದ್ದಾಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿ, ಇಂಥ ದಿನದೊಳಗೆ ಜಾರಿ ಮಾಡು ಎಂದು ಎಫ್‌ಎಎಗೆ ಗಡುವು ಹಾಕುತ್ತದೆ.

ಹಿಂದೆಯೂ ಹೀಗೇ ಆಗಿದೆ. 1956ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 128 ಜನ ಸತ್ತರು, 1958ರ ಕಾನೂನಿನಿಂದ ಎಫ್‌ಎಎ ಹುಟ್ಟಿತು. 1986ರಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ಮತ್ತೊಂದು ಡಿಕ್ಕಿ, ಮರುವರ್ಷವೇ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸಲು ಪೈಲಟ್‌ನನ್ನು ಎಚ್ಚರಿಸುವ ಟಿಕಾಸ್ ಯಂತ್ರ ಕಡ್ಡಾಯ ಮಾಡುವ ಕಾನೂನು. ನಮಗೆ ಅದೇ ಪಾಠ ಕಲಿಸಿದ್ದು 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿ ಮೇಲೆ ಆದ ಡಿಕ್ಕಿ. 349 ಜನ ಹೋದ ಮೇಲೆ ಇಲ್ಲಿಯೂ ಟಿಕಾಸ್ ಕಡ್ಡಾಯವಾಯಿತು.

ಹಾಗಾದರೆ ವಾಷಿಂಗ್ಟನ್‌ನಲ್ಲಿ ಆ ಯಂತ್ರ ಏಕೆ ಕಾಪಾಡಲಿಲ್ಲ? ಟಿಕಾಸ್ ಪೈಲಟ್‌ಗೆ ‘ಮೇಲಕ್ಕೇರು’, ‘ಕೆಳಗಿಳಿ’ ಎಂದು ಹೇಳಬಲ್ಲದು. ಆದರೆ ನೆಲ ತೀರಾ ಹತ್ತಿರವಿದ್ದಾಗ, ಇಳಿಯುವ ವಿಮಾನಕ್ಕೆ ಸುಮಾರು 900 ಅಡಿಯ ಕೆಳಗೆ, ಆ ಸೂಚನೆಗಳು ಬರುವುದಿಲ್ಲ. ಅಂದು ಡಿಕ್ಕಿಯಾದದ್ದು 300 ಅಡಿಯ ಆಸುಪಾಸಿನಲ್ಲಿ. ಕಾಕ್‌ಪಿಟ್‌ನಲ್ಲಿ ‘ಟ್ರಾಫಿಕ್, ಟ್ರಾಫಿಕ್’ ಎಂಬ ದನಿ ಕೇಳಿಸಿ ಸುಮಾರು 20 ಸೆಕೆಂಡಿಗೆ ಎಲ್ಲವೂ ಮುಗಿಯಿತು. ಹೆಲಿಕಾಪ್ಟರ್ ಆ ಮಾರ್ಗದಲ್ಲಿ 200 ಅಡಿ ದಾಟುವಂತಿರಲಿಲ್ಲ. ವಿಮಾನ ಕಾಣುತ್ತಿದೆ, ನಾವೇ ದೂರ ಕಾಯ್ದುಕೊಳ್ಳುತ್ತೇವೆ ಎಂದು ಅದರ ಸಿಬ್ಬಂದಿ ನಿಯಂತ್ರಕರಿಗೆ ಹೇಳಿದ್ದರು. ರಾತ್ರಿ ಹೊತ್ತು, ನಗರದ ದೀಪಗಳ ನಡುವೆ, ಕಣ್ಣಂದಾಜಿನ ಮೇಲೆ ಅಷ್ಟೂ ಜೀವ ನಿಂತಿತ್ತು. ನನಗೆ ಇದಕ್ಕಿಂತ ಸಂಕಟ ತಂದದ್ದು ಎನ್‌ಟಿಎಸ್‌ಬಿ ಬಿಚ್ಚಿಟ್ಟ ಲೆಕ್ಕ. 2021ರ ಅಕ್ಟೋಬರಿನಿಂದ 2024ರ ಡಿಸೆಂಬರ್‌ವರೆಗೆ ಅದೇ ನಿಲ್ದಾಣದ ಸುತ್ತ ವಿಮಾನ, ಹೆಲಿಕಾಪ್ಟರ್‌ಗಳು ಅಡ್ಡಲಾಗಿ ಒಂದು ನಾಟಿಕಲ್ ಮೈಲಿಗಿಂತ, ಎತ್ತರದಲ್ಲಿ 400 ಅಡಿಗಿಂತ ಹತ್ತಿರ ಬಂದದ್ದು 15,214 ಸಲ. ಅದರಲ್ಲಿ 85 ಸಲ ಅಡ್ಡ ಅಂತರ 1,500 ಅಡಿಗಿಂತ, ಎತ್ತರದ ಅಂತರ 200 ಅಡಿಗಿಂತ ಕಡಿಮೆ. ಇದು ಕೈಯಲ್ಲಿದ್ದ ಮಾಹಿತಿ. ಕೂತು ನೋಡಿದವರಿಲ್ಲ.

ಈಗಿನ ಚರ್ಚೆಯ ತಿರುಳು ಎಡಿಎಸ್-ಬಿ. ವಿಮಾನ ತಾನೆಲ್ಲಿದ್ದೇನೆಂದು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಪ್ರಸಾರ ಮಾಡುವುದು ‘ಔಟ್’, ಸುತ್ತಲಿನವರ ಪ್ರಸಾರವನ್ನು ತಾನೂ ಕೇಳಿ ಪರದೆಯ ಮೇಲೆ ಕಾಣುವುದು ‘ಇನ್’. 2020ರ ಜನವರಿ 1ರಿಂದ ಅಮೆರಿಕದ ಬಹುಪಾಲು ನಿಯಂತ್ರಿತ ವಾಯುಪ್ರದೇಶದಲ್ಲಿ ಔಟ್ ಕಡ್ಡಾಯ, ಇನ್ ಕಡ್ಡಾಯವಲ್ಲ. ಅಂದರೆ ಹೈವೇಯಲ್ಲಿ ಹಾರ್ನ್ ಹೊಡೆಯುತ್ತಲೇ ಹೋಗುವ ಲಾರಿ, ಡ್ರೈವರ್ ಕಿವಿಯಲ್ಲಿ ಮಾತ್ರ ಹತ್ತಿ. ಸೇನೆಗಂತೂ ಔಟ್‌ನಲ್ಲೂ ವಿನಾಯಿತಿ ಇತ್ತು, ಅಂದು ಆ ಹೆಲಿಕಾಪ್ಟರ್‌ನಿಂದ ಎಡಿಎಸ್-ಬಿ ಪ್ರಸಾರ ಇರಲಿಲ್ಲ. ಸೆನೆಟರ್ ಟೆಡ್ ಕ್ರೂಜ್ ತಂದ ರೋಟರ್ ಆಕ್ಟ್ ಎಂಬ ಮಸೂದೆ ಹಿಡಿದಿರುವುದು ಇದನ್ನೇ: ಔಟ್ ಇರಬೇಕಾದ ವಿಮಾನಗಳಿಗೆ 2031ರ ಕೊನೆಯೊಳಗೆ ಇನ್ ಕೂಡ ಬರಬೇಕು, ಸೇನೆಯ ವಿನಾಯಿತಿ ಬಿಗಿಯಾಗಬೇಕು, ನಿಲ್ದಾಣಗಳ ಬಳಿಯ ಹೆಲಿಕಾಪ್ಟರ್ ಮಾರ್ಗಗಳನ್ನು ಮರುಪರಿಶೀಲಿಸಬೇಕು. 2025ರ ಡಿಸೆಂಬರ್‌ನಲ್ಲಿ ಮೇಲ್ಮನೆಯಾದ ಸೆನೆಟ್ ಇದನ್ನು ಅವಿರೋಧವಾಗಿ ಒಪ್ಪಿತು.

ಸೇನೆಯೂ ನಾಗರಿಕರೂ ಹಂಚಿಕೊಳ್ಳುವ ಆಕಾಶ ಚಿತ್ರದುರ್ಗದವರಿಗೆ ಹೊಸದೇನಲ್ಲ. ಚಳ್ಳಕೆರೆಯಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯವಿದೆ, 2023ರ ಆಗಸ್ಟ್‌ನಲ್ಲಿ ಪರೀಕ್ಷಾ ಹಾರಾಟದಲ್ಲಿದ್ದ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಕೆಳಗೆ ಬದುಕುವವರಿಗೆ ಮೇಲೇನು ಹಾರುತ್ತಿದೆ ಎಂದು ಕೇಳುವ ಹಕ್ಕಿದೆ.

ಅಮೆರಿಕದಲ್ಲಿ ಆ ಹಕ್ಕು ಚಲಾಯಿಸಲು ನೀವು ಪ್ರಜೆಯಾಗಬೇಕಿಲ್ಲ. ಎಚ್-1ಬಿ ಇರಲಿ, ವಿದ್ಯಾರ್ಥಿ ವೀಸಾ ಇರಲಿ, ನಿಮ್ಮ ಜಿಪ್ ಕೋಡ್ ಹಾಕಿದರೆ ಕೆಳಮನೆಯಾದ ಹೌಸ್‌ನಲ್ಲಿ ನಿಮ್ಮ ಪ್ರತಿನಿಧಿ ಯಾರೆಂದು ಹೌಸ್ ಡಾಟ್ ಗವ್ ತೋರಿಸುತ್ತದೆ. ಅವರ ಕಚೇರಿಗೆ ಮಸೂದೆಯ ಹೆಸರು ಹಾಕಿ ನಾಲ್ಕು ಸಾಲು ಬರೆಯಿರಿ. ಎಫ್‌ಎಎ ಹೊಸ ನಿಯಮದ ಕರಡು ಪ್ರಕಟಿಸಿದಾಗ ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ ಯಾರು ಬೇಕಾದರೂ ಅಭಿಪ್ರಾಯ ಹಾಕಬಹುದು. ಅದು ಲೋಕಕ್ಕೆಲ್ಲ ಕಾಣುವುದರಿಂದ ಮನೆ ವಿಳಾಸ, ಫೋನ್ ನಂಬರ್ ಬರೆಯಬೇಡಿ. ಒಂದು ಎಚ್ಚರಿಕೆ: ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಯಾವ ಅಭ್ಯರ್ಥಿಗೂ ಚುನಾವಣಾ ದೇಣಿಗೆ ಕೊಡುವಂತಿಲ್ಲ, ಅದು ಅಪರಾಧ. ಪತ್ರಕ್ಕೆ ಅಡ್ಡಿಯಿಲ್ಲ.

ಫ್ಲೋರಿಡಾ, ಟೆಕ್ಸಾಸ್ ಕಡೆ ಪೈಲಟ್ ತರಬೇತಿಗೆ ಹೋಗಿರುವ ನಮ್ಮ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ಇನ್ನೊಂದು ವಿಮಾನ ತೀರಾ ಹತ್ತಿರ ಹಾದುಹೋದರೆ ಮುಚ್ಚಿಡಬೇಡಿ. ನಾಸಾ 1976ರಿಂದ ನಡೆಸುತ್ತಿರುವ ಎಎಸ್‌ಆರ್‌ಎಸ್ ಎಂಬ ಸುರಕ್ಷತಾ ವರದಿ ವ್ಯವಸ್ಥೆಗೆ ವರದಿ ಮಾಡಿ, ನಿಮ್ಮ ಹೆಸರು ಗುಟ್ಟಾಗಿ ಉಳಿಯುತ್ತದೆ. ಗೊತ್ತಿಲ್ಲದೆ ನಿಮ್ಮಿಂದಲೇ ನಿಯಮ ಮುರಿದಿದ್ದರೆ, 10 ದಿನದೊಳಗೆ ಬರೆದ ವರದಿ ಸಾಮಾನ್ಯವಾಗಿ ದಂಡದಿಂದ, ಲೈಸೆನ್ಸ್ ಅಮಾನತಿನಿಂದ ಉಳಿಸುತ್ತದೆ.

ರೋಟರ್ ಆಕ್ಟ್ ಎಲ್ಲಿಗೆ ಬಂತೆಂದು ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಹೆಸರು ಹಾಕಿ ನೋಡುತ್ತಿರಿ. 2025ರಲ್ಲಿ ಶುರುವಾದ ಕಾಂಗ್ರೆಸ್‌ನ ಅವಧಿ 2027ರ ಜನವರಿ 3ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎರಡೂ ಸದನ ಒಂದೇ ಪಠ್ಯ ಒಪ್ಪದಿದ್ದರೆ ಮಸೂದೆ ಬಿದ್ದುಹೋಗಿ ಮತ್ತೆ ಮೊದಲಿನಿಂದ ಮಂಡಿಸಬೇಕಾಗುತ್ತದೆ. ಬರೆಯುವುದಿದ್ದರೆ ಅದಕ್ಕೆ ಮುಂಚೆ ಬರೆಯಿರಿ.