ಅಂಡಮಾನ್‌ನ ಹವಳ, ಕಡಲಾಮೆ ನೋಡಲು ಹೊರಡುವ ಮುನ್ನ: ಮೈಸೂರು, ಮಂಡ್ಯದ ಪ್ರವಾಸಿಗರಿಗೊಂದು ಕೈಪಿಡಿ

ಮೈಸೂರು, ಮಂಡ್ಯ ಕಡೆಯ ಕುಟುಂಬಗಳು ಅಂಡಮಾನ್ ಪ್ರವಾಸವನ್ನು ಸಾಮಾನ್ಯವಾಗಿ ದಸರಾ ರಜೆಗೋ ಬೇಸಿಗೆ ರಜೆಗೋ ಹೊಂದಿಸಿಕೊಳ್ಳುತ್ತವೆ. ಕಡಲಜೀವಿಗಳನ್ನು ನೋಡುವುದೇ ಮುಖ್ಯ ಉದ್ದೇಶವಾಗಿದ್ದರೆ ಶಾಲೆಯ ರಜಾಪಟ್ಟಿಗಿಂತ ಮೊದಲು ಕಡಲಿನ ಕಾಲವನ್ನು ವಿಚಾರಿಸಬೇಕು. ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ಸಮೀಪದ ವಂಡೂರಿನಲ್ಲಿ 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳನ್ನು ಸರದಿಯಂತೆ ಪ್ರವಾಸಿಗರಿಗೆ ತೆರೆಯುತ್ತಾರೆ: ಸುಮಾರು ನವೆಂಬರ್‌ನಿಂದ ಮೇ ತಿಂಗಳವರೆಗೆ ಜಾಲಿ ಬಾಯ್, ಉಳಿದ ಅವಧಿಯಲ್ಲಿ ರೆಡ್ ಸ್ಕಿನ್. ಹೀಗಾಗಿ ದಸರಾ ರಜೆಯಲ್ಲಿ ಹೋದವರಿಗೆ ಜಾಲಿ ಬಾಯ್ ಸಿಗುವುದಿಲ್ಲ, ಮಳೆಯಿಂದ ನೀರು ಕದಡಿರುವ ಸಾಧ್ಯತೆಯೂ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ದಿನಗಳೇ ಉತ್ತಮ. ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವ ಕಾಲವೂ ಅದೇ.

ಉದ್ಯಾನಕ್ಕೆ ಅನುಮತಿ ಪತ್ರ ಬೇಕು, ಬಿಸಾಡುವ ಪ್ಲಾಸ್ಟಿಕ್ಕನ್ನು ಒಯ್ಯುವಂತಿಲ್ಲ. ಮನೆಯಿಂದಲೇ ಸ್ಟೀಲ್ ಬಾಟಲಿ ತೆಗೆದುಕೊಂಡು ಹೋಗಿ.

ಹವಳವನ್ನು ಬಣ್ಣದ ಕಲ್ಲೆಂದು ಭಾವಿಸುವವರು ಇನ್ನೂ ಇದ್ದಾರೆ. ಅದು ಸಾವಿರಾರು ಪುಟ್ಟ ಜೀವಿಗಳ ಸಮೂಹ. ಆ ಜೀವಿಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅವುಗಳಿಗೆ ಆಹಾರವನ್ನೂ ಬಣ್ಣವನ್ನೂ ಒದಗಿಸುತ್ತದೆ. ಕಡಲಿನ ನೀರು ವಾಡಿಕೆಗಿಂತ ಹೆಚ್ಚು ಬಿಸಿಯಾದಾಗ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ, ಬಹುಕಾಲ ಹಾಗೆಯೇ ಉಳಿದರೆ ಸಾಯುತ್ತದೆ. 1998 ಮತ್ತು 2010ರಲ್ಲಿ ಅಂಡಮಾನ್‌ನಲ್ಲಿ ಹೀಗೆ ವ್ಯಾಪಕ ಹಾನಿಯಾಯಿತು. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಮಾತ್ರ, ಆದ್ದರಿಂದ ಫೋಟೋಗಾಗಿ ಅದರ ಮೇಲೆ ಕ್ಷಣಕಾಲ ನಿಂತರೂ ಹಲವು ವರ್ಷಗಳ ಬೆಳವಣಿಗೆ ಮುರಿಯುತ್ತದೆ. ಮಾರ್ಗದರ್ಶಿಯೇ ನಿಲ್ಲಲು ಹೇಳಿದರೂ ದಯವಿಟ್ಟು ಒಪ್ಪಬೇಡಿ. ನೀರಿನಲ್ಲಿ ಗಾಬರಿಯಾದಾಗಲೇ ಜನ ಕಾಲೂರಲು ನೆಲ ಹುಡುಕುವುದು. ಆದ್ದರಿಂದ ಹೊರಡುವ ಮುನ್ನ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿಯೋ ನಿಮ್ಮೂರಿನ ಕೊಳದಲ್ಲಿಯೋ ಮುಖ ನೀರಿನಲ್ಲಿಟ್ಟು ತೇಲುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಹಾನಿಕರ, ಅದರ ಬದಲು ತುಂಬುತೋಳಿನ ಈಜುಡುಪು ಧರಿಸಿ. ಈಜು ಬಾರದ ಹಿರಿಯರಿಗೆ ಗಾಜಿನ ತಳದ ದೋಣಿಗಳಿವೆ.

ಕಡಲಾಮೆಗಳಿಗಾಗಿ ಉತ್ತರ ಅಂಡಮಾನ್‌ನ ಡಿಗ್ಲಿಪುರ ಬಳಿಯ ಕಾಲಿಪುರ ಕಡಲತೀರಕ್ಕೆ ಹೋಗಬೇಕು. ರಸ್ತೆಯಲ್ಲಿ ಇಡೀ ದಿನದ ಪ್ರಯಾಣ. ದಾರಿಯಲ್ಲಿ ಸಿಗುವ, ಜಾರವಾ ಎಂಬ ಬುಡಕಟ್ಟು ಜನರ ಮೀಸಲು ಪ್ರದೇಶದಲ್ಲಿ ವಾಹನ ನಿಲ್ಲಿಸುವುದು, ಅವರ ಚಿತ್ರ ತೆಗೆಯುವುದು, ಅವರಿಗೆ ತಿಂಡಿ ಕೊಡುವುದು ಎಲ್ಲವೂ ನಿಷಿದ್ಧ. ಆಮೆ ರಾತ್ರಿ ಮರಳೇರುವಾಗ ಟಾರ್ಚ್, ಮೊಬೈಲ್ ಬೆಳಕು ಬಿದ್ದರೆ ಮೊಟ್ಟೆ ಇಡದೆಯೇ ಹಿಂತಿರುಗಬಹುದು. ಮೊಟ್ಟೆಯೊಡೆದ ಮರಿಗಳು ಕಡಲಿನ ಕಡೆಯ ತಿಳಿಬೆಳಕನ್ನು ನೋಡಿ ದಿಕ್ಕು ಹಿಡಿಯುವುದರಿಂದ, ದಡದ ಕೃತಕ ಬೆಳಕು ಅವನ್ನು ದಾರಿ ತಪ್ಪಿಸುತ್ತದೆ. ಅರಣ್ಯ ಇಲಾಖೆಯ ಸಿಬ್ಬಂದಿಯೊಡನೆ ಮಾತ್ರ ಹೋಗಿ, ಆಮೆಯ ಹಿಂಬದಿಯಲ್ಲಿ ದೂರ ನಿಂತು ನೋಡಿ.

ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನು ದೋಣಿಯಿಂದ ನೋಡಿದವರು ಅಂಡಮಾನ್‌ನ ಮೊಸಳೆಯನ್ನೂ ಅಂಥದ್ದೇ ಎಂದುಕೊಳ್ಳಬಾರದು. ಅದು ಉಪ್ಪುನೀರಿನ ಮೊಸಳೆ, ಗಾತ್ರದಲ್ಲಿ ಬಹಳ ದೊಡ್ಡದು, ಕಡಲಿನಲ್ಲೂ ಈಜುತ್ತದೆ. ಎಚ್ಚರಿಕೆಯ ಫಲಕವಿರುವಲ್ಲಿ ಮೊಣಕಾಲುದ್ದದ ನೀರಿಗೂ ಇಳಿಯಬೇಡಿ.

ಕೊನೆಯದಾಗಿ, ದೇವರ ಮನೆಗೆಂದು ಶಂಖವನ್ನೋ ಷೋಕೇಸಿಗೆಂದು ಹವಳದ ತುಂಡನ್ನೋ ಆಯ್ದು ತರುವ ವಿಷಯ. ಹವಳಕ್ಕೂ ಹಲವು ಬಗೆಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಸತ್ತ ತುಂಡಾದರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಖಾಲಿ ಚಿಪ್ಪಿನಲ್ಲಿ ಸನ್ಯಾಸಿ ಏಡಿ ಮನೆ ಮಾಡಿಕೊಳ್ಳುತ್ತದೆ. ಮಕ್ಕಳಿಗೆ ಅದನ್ನು ತೋರಿಸಿ, ಇದ್ದಲ್ಲಿಯೇ ಬಿಡಿಸಿ.